ಇಪ್ಪತ್ನಾಲ್ಕನೇ ನಂಬರಿನ ಐದು ಫೌಲ್

ವೆಸ್ಟರ್‌ಬಿ, ಮಿನೆಸೋಟ
ಭಾನುವಾರ, ಫೆಬ್ರವರಿ 12, 1984

ತಮ್ಮ ಲೋವೆಲ್‌ಗೆ,

ಮೊದಲು ಇದನ್ನು ಓದು, ಆಮೇಲೆ ಉಳಿದದ್ದಕ್ಕೆ ಕೈ ಹಾಕು. ಈ ಕಾಗದದ ಜೊತೆ ಒಂದು ಕ್ಯಾಸೆಟ್ಟೂ ಒಂದು ಸಣ್ಣ ಲಕೋಟೆಯೂ ಇವೆ. ಕ್ಯಾಸೆಟ್ಟಿನ ಎರಡೂ ಬದಿ ಕೇಳಿ ಮುಗಿಸಿದ ಮೇಲೆ ಲಕೋಟೆ ಒಡೆಯಬೇಕು. ಮೂರು ವರ್ಷದಿಂದ ಹೇಳುತ್ತಿದ್ದೇನೆ. ಕಳೆದ ಸಲ ಲಕೋಟೆಯನ್ನು ಕೆಟಲಿನ ಹಬೆಗೆ ಹಿಡಿದು ಬಿಡಿಸಿ ನೋಡಿದೆ ಎಂದು ನೀನೇ ಬಾಯಿ ಬಿಟ್ಟಿದ್ದೀಯ. ಅಲಾಸ್ಕದಲ್ಲಿ ಎಣ್ಣೆ ಕೊಳವೆಯ ಪಂಪುಗಳನ್ನು ರಿಪೇರಿ ಮಾಡಿ ಮಾಡಿ ನಿನ್ನ ತಾಳ್ಮೆ ಪೂರ್ತಿ ಸವೆದಿದೆ.

ಆದ್ದರಿಂದ ಆಟ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಶನಿವಾರ ಆರೂವರೆಗೇ ಜಿಮ್ ತುಂಬಿತ್ತು ಎಂದಷ್ಟೇ ಹೇಳಬಹುದು. ಹಾಲ್ವರ್ ಕಾಲೇಜಿನಲ್ಲಿ ಓದುವವರು ಏಳುನೂರು, ಬಂದವರು ಸಾವಿರದ ಮುನ್ನೂರು. ಹಸು ಕಟ್ಟಿದವರು ಹಾಲು ಕರೆಯುವುದನ್ನೇ ಒಂದು ಗಂಟೆ ಮುಂಚೆ ಮುಗಿಸಿ ಬಂದಿದ್ದರು. ನಮ್ಮವರ ಮೊದಲ ಬಾಸ್ಕೆಟ್ ಬೀಳುವವರೆಗೆ ಎಂದಿನಂತೆ ಯಾರೂ ಕೂರಲಿಲ್ಲ. ಈ ಸಲ ಮೂರು ನಿಮಿಷ ಬೀಳಲೇ ಇಲ್ಲ. ಪಾದ್ರಿಯವರ ತಾಯಿಗೆ ಎಂಬತ್ತೆಂಟು ವರ್ಷ, ಕೋಲೂರಿಕೊಂಡು ನಿಂತೇ ಇದ್ದರು. ಕೊನೆಗೆ ನಿನ್ನ ಮಗ ಡಾಗ್ ಹಾಕಿದ, ಊರೆಲ್ಲ ಕೂತಿತು.

ಪಕ್ಕದ ಮನೆಯ ಹಾರ್ಲನ್ ಬೆಂಬಲಿಗರ ಸಂಘದ ಅಧ್ಯಕ್ಷನಾದರೂ ಈ ವರ್ಷ ಜಿಮ್ಮಿಗೆ ಬರುವ ಹಾಗಿಲ್ಲ. ಹೃದಯದ ಡಾಕ್ಟರು ಬೇಡವೆಂದಿದ್ದಾರೆ. ನಾನು ಮೇಜಿನಲ್ಲಿ ಸ್ಕೋರ್ ಪುಸ್ತಕ ಬರೆಯುತ್ತಿರುವಾಗ ಅವನು ಮನೆಯಲ್ಲಿ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ನಿನಗಾಗಿ ಗುಂಡಿ ಒತ್ತುತ್ತಾನೆ. ಸುಮ್ಮನಿದ್ದು ರೆಕಾರ್ಡ್ ಮಾಡು ಎಂದೆ. "ನಾನೆಲ್ಲಿ ಬಾಯ್ ಬಿಡ್ತೀನಿ ಆರ್ಡಿಸ್? ಕಡಲೆಕಾಯಿ ತಿನ್ನಕ್ಕೆ ಮಾತ್ರ ಬಿಡ್ತೀನಿ" ಅನ್ನುತ್ತಾನೆ. ರೇಡಿಯೊ ಮುಂದೆಯೂ ಅವನು ಮೊದಲ ಬಾಸ್ಕೆಟ್‌ವರೆಗೆ ನಿಂತೇ ಇರುತ್ತಾನೆ. ಟೇಪಿನಲ್ಲಿ ಕುರ್ಚಿ ಕಿರ್ರೆಂದರೆ ನಮ್ಮದು ಬಿತ್ತು ಎಂದು ತಿಳಿದುಕೊ.

ಡಾಗ್ ಚೆನ್ನಾಗಿದ್ದಾನೆ. ಅವನ ಅಮ್ಮ ತೀರಿಕೊಂಡ ಮೇಲೆ ನೀನು ಅವನನ್ನು ನನ್ನ ಬಾಗಿಲಿಗೆ ತಂದು ಬಿಟ್ಟಾಗ ನನ್ನ ಮೊಣಕೈ ಎತ್ತರ ಇದ್ದ. ಈಗ ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿ ಬರುತ್ತಾನೆ. ರೆಫರಿಗಳ ಜೊತೆ ವಾದ ಮಾಡುವ ಚಟ ಮಾತ್ರ ಹೋಗಿಲ್ಲ. ನನ್ನ ಸೂಪಿನ ಉಪ್ಪಿನ ಬಗ್ಗೆಯೂ ವಾದಿಸುತ್ತಾನೆ.

ನಿನ್ನ ಅಕ್ಕ,
ಆರ್ಡಿಸ್

ಒಳಗಿನ ಲಕೋಟೆಯ ಚೀಟಿ:
79–70, ನಾವೇ. ಡಾಗ್ 27 ಪಾಯಿಂಟ್, ಫೌಲ್ ಮೂರು, ಹೊರಗೆ ಹಾಕಿಸುವ ಐದಕ್ಕೆ ಹೋಗಲಿಲ್ಲ. ನಡುವೆ ಪರೀಕ್ಷೆಯ ವಾರ, ಆದ್ದರಿಂದ ಸೆಮಿಫೈನಲ್ 25ಕ್ಕೆ, ನಮ್ಮ ಜಿಮ್ಮಿನಲ್ಲೇ, ಮೇರಿಯನ್‌ಫೆಲ್ಡ್ ಕಾಲೇಜಿನ ಮೇಲೆ. ಅವರ ಸ್ಕೋರ್ ಪುಸ್ತಕ ಹಿಡಿದು ವಿಲ್ಮಾ ಕ್ರಾಟ್ಸ್ ಬರುತ್ತಾಳೆ, ಸೇಬಿನ ಪೈ ಸಮೇತ. ನಮ್ಮ ಎಂಟು ಕಾಲೇಜುಗಳ ಕೂಟದಲ್ಲಿ ಹಾಲ್ವರ್ ಫೈನಲ್ ಆಡಿ ಮೂವತ್ತೊಂದು ವರ್ಷವಾಯಿತು. ಆಗ ಇಪ್ಪತ್ನಾಲ್ಕನೇ ನಂಬರಿನ ಅಂಗಿ ತೊಟ್ಟವನು ನೀನು. ಈಗ ತೊಟ್ಟವನು ನಿನ್ನ ಮಗ.


ಪಂಪ್ ಠಾಣೆ, ಅಲಾಸ್ಕ
ಫೆಬ್ರವರಿ 20, 1984

ಅಕ್ಕ,

ದೇವರಾಣೆ, ಈ ಸಲ ಹಬೆಗೆ ಹಿಡಿಯಲಿಲ್ಲ. ಎರಡು ಬದಿಯೂ ಕೇಳಿದೆ, ನಾನೊಬ್ಬನೇ ಅಲ್ಲ, ಒಂಬತ್ತು ಜನ ಊಟದ ಕೋಣೆಯಲ್ಲಿ ಕೂತು ಕೇಳಿದೆವು. ಕೂತು ಎಂದೆನಲ್ಲ, ಮೊದಲ ಮೂರು ನಿಮಿಷ ಎಲ್ಲರನ್ನೂ ನಿಲ್ಲಿಸಿದ್ದೆ. ಟೆಕ್ಸಸ್‌ನಿಂದ ಬಂದ ನಮ್ಮ ಅಡುಗೆಯವನು, "ಏನಪ್ಪಾ ಲೋವೆಲ್, ಟೇಪ್‌ಗೂ ಎದ್ದು ನಿಂತ್ಕೋಬೇಕಾ?" ಎಂದು ಗೊಣಗಿದ. "ಹಾಲ್ವರ್‌ಗೆ ನಿಲ್ಲದೋರಿಗೆ ನಾಳೆ ಹೀಟರ್ ರಿಪೇರಿ ಇಲ್ಲ" ಎಂದೆ. ನಿಂತ. ಹಾರ್ಲನ್ ಕುರ್ಚಿ ಕಿರ್ರೆಂದಾಗ ಒಂಬತ್ತು ಕುರ್ಚಿಗಳು ಇಲ್ಲಿಯೂ ಕಿರ್ರೆಂದವು.

ನೀನು ಕಳಿಸಿದ ಹಳೆಯ ಸ್ಕೋರ್ ಪುಸ್ತಕದಲ್ಲಿ ನಾನೂ ರೇಡಿಯೊದಲ್ಲಿ ಆಟ ವಿವರಿಸುವ ಬಡ್ ಹೇಳಿದ ಹಾಗೆ ಬರೆದುಕೊಂಡೆ. ಲಕೋಟೆ ಒಡೆದು ನಿನ್ನ ಚೀಟಿಯ ಜೊತೆ ತಾಳೆ ನೋಡಿದೆ. ಡಾಗ್‌ಗೆ ಇಪ್ಪತ್ತೇಳು, ಫೌಲ್ ಮೂರು, ಸರಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಅಕ್ಕನ ಪುಸ್ತಕದಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಆಗಿಲ್ಲ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡೆ. ಹೆಮ್ಮೆ ಪಡಲು ಇಲ್ಲಿ ನನಗೆ ಇರುವುದು ಎರಡೇ, ನೀನು ಮತ್ತು ಡಾಗ್.

ಇಲ್ಲಿನ ಫೋನು ಕಂಪನಿಯ ಕೆಲಸಕ್ಕೆ ಮಾತ್ರ, ಆದ್ದರಿಂದ ಸೆಮಿಫೈನಲ್ ಟೇಪನ್ನು ಸೋಮವಾರ ಬೆಳಿಗ್ಗೆಯೇ ಅಂಚೆಗೆ ಹಾಕು. ಮೇ ಕೊನೆಗೆ ಡಾಗ್‌ನ ಪದವಿ ಸಮಾರಂಭಕ್ಕೆ ಬರಲು ರಜೆ ಕೇಳಿದ್ದೇನೆ. ಅಷ್ಟರಲ್ಲಿ ಜಿಮ್ಮಿನಲ್ಲಿ ಗೆದ್ದ ಕಪ್ ಕೂತಿರುತ್ತದೆ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳೋಣ.

ಇನ್ನೊಂದು ಮಾತು. ಆಟ ಮುಗಿಯುವ ಮುಂಚೆ ವೈರಿಗಳ ಪೈ ತಿನ್ನಬೇಡ.

ಲೋವೆಲ್


ವೆಸ್ಟರ್‌ಬಿ
ಭಾನುವಾರ, ಫೆಬ್ರವರಿ 26, 1984

ತಮ್ಮ ಲೋವೆಲ್‌ಗೆ,

ಕ್ಯಾಸೆಟ್ಟು, ಲಕೋಟೆ ಎರಡೂ ಇವೆ. ಕ್ರಮ ನಿನಗೆ ಗೊತ್ತು.

ಶುಕ್ರವಾರ ಹನ್ನೊಂದು ಅಂಗುಲ ಹಿಮ ಬಿತ್ತು. ಮೇರಿಯನ್‌ಫೆಲ್ಡ್‌ನವರ ಎರಡು ಬಸ್ಸುಗಳು ಹಿಮ ತೆಗೆಯುವ ಗಾಡಿಯ ಹಿಂದೆಯೇ ಅರವತ್ತು ಮೈಲಿ ತೆವಳಿಕೊಂಡು ಬಂದವು. ಬೇರೆ ಯಾರಾದರೂ ಆಗಿದ್ದರೆ ಮನೆಯಲ್ಲೇ ಇರುತ್ತಿದ್ದರು. ಅವರನ್ನು ಕಂಡರೆ ನಮಗಾಗದು, ಆದರೂ ಬಸ್ಸಿಳಿದು ಬಂದಾಗ ನಮ್ಮವರು ಚಪ್ಪಾಳೆ ತಟ್ಟಿದರು. ವಿಲ್ಮಾ ಪೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು, ಒಂದಿಷ್ಟೂ ಮುರಿದಿರಲಿಲ್ಲ. ಅವಳ ಗಂಡ ಅರ್ವಿನ್‌ಗೆ ಮೈ ಸರಿಯಿಲ್ಲವಂತೆ.

ಪಾದ್ರಿಯವರ ತಾಯಿ ಬಂದಿದ್ದರು. ನಮ್ಮ ಹುಡುಗರು ಚೆನ್ನಾಗಿ ಆಡಿದರು, ಒಬ್ಬೊಬ್ಬರೂ. ನನ್ನ ಕಾರಿನ ಬ್ಯಾಟರಿ ಹೋಗಿದೆ. ಬುಧವಾರ ಹೊಸದು ಹಾಕಿಸಬೇಕು.

ಟೇಪಿನ ಕೊನೆಯಲ್ಲಿ ಹಾರ್ಲನ್ ಮಾತಾಡಿದ್ದಾನೆ. ನೀನು ಕೇಳಿಸಿಕೊಳ್ಳದಿದ್ದರೂ ನಡೆಯುತ್ತದೆ.

ಆರ್ಡಿಸ್

ಒಳಗಿನ ಲಕೋಟೆಯ ಚೀಟಿ:
61–62. ಸೋತೆವು. ಡಾಗ್ 24 ಪಾಯಿಂಟ್. ಎರಡು ನಿಮಿಷ ಹತ್ತು ಸೆಕೆಂಡು ಉಳಿದಿದ್ದಾಗ ಐದನೇ ಫೌಲ್, ಹೊರಗೆ.


ಪಂಪ್ ಠಾಣೆ
ಮಾರ್ಚ್ 6, 1984

ಅಕ್ಕ,

ನಿನ್ನ ಬ್ಯಾಟರಿಯ ವಿಷಯ ಓದಿದೆ. ಹಿಮದ ವಿಷಯವೂ ಓದಿದೆ. ನಿನಗೆ ಬರೆಯಲು ಬೇರೇನೂ ಇರಲಿಲ್ಲವೇ?

ಒಂಬತ್ತು ಜನರ ಮುಂದೆ ಟೇಪು ಓಡುತ್ತಿತ್ತು. ನಾವು 59, ಅವರು 56. ಡಾಗ್ ಮೇಲೆ ಫೌಲ್ ಕೂಗಿದರು. ಬಡ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ: "ಡಾಗ್ ನಿಗಾರ್ಡ್‌ಗೆ ಇದು ನಾಲ್ಕನೇದು. ತಡೀರಿ, ಮೇಜಿಂದ ಹಾರ್ನ್ ಹೊಡೀತಿದಾರೆ. ಐದು ಅಂತಿದಾರಲ್ಲ. ನಮ್ಮ ಲೆಕ್ಕದಲ್ಲಿ ನಾಲ್ಕೇ. ಮೇರಿಯನ್‌ಫೆಲ್ಡ್ ಪುಸ್ತಕದಲ್ಲೂ ನಾಲ್ಕೇ ಅಂತೆ. ಆದ್ರೆ ಆತಿಥೇಯರ ಪುಸ್ತಕದ್ದೇ ಕೊನೇ ಮಾತು, ಏನ್ ಮಾಡೋಕಾಗುತ್ತೆ. ಡಾಗ್ ಹೊರಟ, ಒಂದ್ ಮಾತೂ ಆಡ್ತಿಲ್ಲ." ಅದರ ಮೇಲೆ ಹಾರ್ಲನ್‌ನ ಧ್ವನಿ: "ಆರ್ಡಿಸ್, ನಿನ್ ಕಣ್ಣಿಗೆ ಏನಾಯ್ತೇ? ನಿಮ್ಮನೇ ಹುಡುಗ್ನೇ ಹೊರಗೆ ಹಾಕ್ತಿದೀಯಲ್ಲೇ."

ಅಡುಗೆಯವನು ಎದ್ದು ಹೋದ. ಉಳಿದವರು ನನ್ನ ಮುಖ ನೋಡಲಿಲ್ಲ. ಪುಸ್ತಕದಲ್ಲಿ ಒಂದು ಗೆರೆ ಹೆಚ್ಚುಕಡಿಮೆ ಆಗಿಲ್ಲ ಎಂದು ಕೊಚ್ಚಿಕೊಂಡವನು ನಾನಲ್ಲವೇ?

ನನ್ನ ಪುಸ್ತಕದಲ್ಲೂ ನಾಲ್ಕೇ ಇದೆ. ವೈರಿಗಳ ಪುಸ್ತಕದಲ್ಲೇ ನಾಲ್ಕಿದ್ದಾಗ ನಿನ್ನದರಲ್ಲಿ ಐದು ಎಲ್ಲಿಂದ ಬಂತು? ಬಂದಿದ್ದರೂ, ಎರಡೇ ನಿಮಿಷ, ಕೈ ಹಾರ್ನ್ ಮೇಲೆ ಹೋಗದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಕೊನೆಯ ಆಟ, ಅಕ್ಕ. ನಾನು ಮೂವತ್ತೊಂದು ವರ್ಷ ಕಾದಿದ್ದೆ. ನಿನಗೆ ಅರವತ್ತೊಂದಾಯಿತು. ಕಣ್ಣು ಮಂಜಾಗಿದ್ದರೆ ಮಂಜಾಗಿದೆ ಎಂದು ಹೇಳು, ಅದರಲ್ಲಿ ನಾಚಿಕೆ ಏನಿಲ್ಲ. ಹೇಳದೆ ಮೇಜಿನಲ್ಲಿ ಕೂರುವುದು ತಪ್ಪು.

ಮೇ ತಿಂಗಳ ರಜೆಯ ವಿಷಯ ಆಮೇಲೆ ನೋಡೋಣ.

ಲೋವೆಲ್


ವೆಸ್ಟರ್‌ಬಿ
ಮಾರ್ಚ್ 14, 1984

ಲೋವೆಲ್,

ಬೈದಿದ್ದೀಯ, ಸರಿ. ನಿನ್ನ ಹೆಮ್ಮೆಯ ಕಾಗದ ಆಟ ಸೋತ ಮೂರನೇ ದಿನ ನನ್ನ ಕೈಗೆ ಬಂದಿತ್ತು. ಅದಕ್ಕಿಂತ ಈ ಬೈಗುಳ ಓದುವುದು ಸುಲಭವಾಯಿತು.

ನನ್ನ ಕಣ್ಣು ಮಂಜಾಗಿಲ್ಲ. ಕಳೆದ ಬುಧವಾರ ಹೋಗಿ ತೋರಿಸಿಕೊಂಡು ಬಂದೆ. ಡಾಕ್ಟರೂ ಹಾಲ್ವರ್ ಅಭಿಮಾನಿಯೇ, ಸರಿಯಿದೆ ಎಂದು ಹೇಳಲು ಅವರಿಗೆ ಮನಸ್ಸೇ ಇರಲಿಲ್ಲ. ಪುಸ್ತಕದಲ್ಲಿ ಐದು ಇದೆ. ಐದನ್ನೂ ನಾನು ನೋಡಿ, ರೆಫರಿ ಬೆರಳಲ್ಲಿ ತೋರಿಸಿದ ನಂಬರ್ ಓದಿ, ಬರೆದದ್ದು. ಕಂಡದ್ದನ್ನು ಕಂಡಿಲ್ಲ ಎನ್ನಲು ನನಗೆ ಬರುವುದಿಲ್ಲ. ನಮ್ಮ ಹುಡುಗ ಎಂದು ಹಾರ್ನ್ ಒತ್ತದೆ ಬಿಟ್ಟರೆ ಇಪ್ಪತ್ತೆರಡು ವರ್ಷ ಬೇರೆಯವರ ಹುಡುಗರ ಮೇಲೆ ಒತ್ತಿದ್ದಕ್ಕೆ ಏನು ಅರ್ಥ?

ಆದರೆ ನನ್ನ ತಪ್ಪು ಇಲ್ಲವೆಂದಲ್ಲ. ನಿನಗೆ ಒಬ್ಬನಿಗೇ ಹೇಳುತ್ತೇನೆ.

ಅರ್ಧ ಆಟ ಮುಗಿದಾಗ ನಾವಿಬ್ಬರು ಪುಸ್ತಕ ಬರೆಯುವವರು ಒಂದೊಂದೇ ಹೆಸರು ಓದಿ ತಾಳೆ ನೋಡಬೇಕು. ಆಮೇಲೆ ಯಾರಿಗೆ ಎಷ್ಟು ಫೌಲ್ ಎಂದು ಚೀಟಿ ಬರೆದು ಇಬ್ಬರು ಕೋಚ್‌ಗಳಿಗೂ ಕಳಿಸಬೇಕು. ಪೈ ಕತ್ತರಿಸುವುದು ಅದರ ನಂತರ. ಆ ದಿನ ವಿಲ್ಮಾ ಪುಸ್ತಕ ಮುಚ್ಚಿ, "ಆರ್ಡಿಸ್, ಅರ್ವಿನ್‌ನ ಮನೆಗೆ ಕಳಿಸ್ಬಿಟ್ರು ಕಣೇ. ಇನ್ನು ಮಾಡೋದು ಏನೂ ಇಲ್ವಂತೆ" ಎಂದಳು. ಮೊದಲರ್ಧದಲ್ಲಿ ಒಮ್ಮೆ ಪೆನ್ಸಿಲ್ ಬೀಳಿಸಿ ಬಗ್ಗಿ ಹುಡುಕಿದ್ದಳು, ಆಗಲೇ ನನಗೆ ತಿಳಿಯಬೇಕಿತ್ತು. ನಾನು ಅವಳ ಕೈ ಹಿಡಿದುಕೊಂಡೆ, ಪೈ ಕತ್ತರಿಸಿ ಕೊಟ್ಟೆ, ಇಬ್ಬರೂ ತಿಂದೆವು. ತಾಳೆ ನೋಡಲಿಲ್ಲ. ಚೀಟಿಯನ್ನು ಅವಳೇ ಅವಳ ಪುಸ್ತಕ ನೋಡಿ ಬರೆದಳು. ನಾನು ಓದದೆ ಕಳಿಸಿದೆ. ಅದರಲ್ಲಿ ಡಾಗ್‌ಗೆ ಒಂದು ಫೌಲ್ ಎಂದಿತ್ತಂತೆ. ನನ್ನ ಪುಸ್ತಕದಲ್ಲಿ ಎರಡು.

ಸರಿಯಾದ ಲೆಕ್ಕ ಸಿಕ್ಕಿದ್ದರೆ ಕೋಚ್ ಅವನನ್ನು ನಾಲ್ಕಾದ ಕೂಡಲೇ ಹತ್ತು ನಿಮಿಷ ಕೂರಿಸಿ, ಕೊನೆಯ ಎರಡು ನಿಮಿಷಕ್ಕೆ ಉಳಿಸಿಕೊಳ್ಳುತ್ತಿದ್ದ. ನಾವು ಗೆಲ್ಲುತ್ತಿದ್ದೆವೇನೋ. ಬೈಯುವುದಾದರೆ ಇದಕ್ಕೆ ಬೈ, ಹಾರ್ನ್ ಒತ್ತಿದ್ದಕ್ಕೆ ಬೇಡ. ವೈರಿಗಳ ಪೈ ತಿನ್ನಬೇಡ ಎಂದು ನೀನು ತಮಾಷೆಗೆ ಬರೆದಿದ್ದೆ.

ಊರಿನಲ್ಲಿ ಈಗ ನಾನು ಕುರುಡಿ. ಅಂಚೆ ಕಚೇರಿಯಲ್ಲಿ ಒಬ್ಬಾಕೆ ನನ್ನ ಕೈಗೆ ಕಾಗದ ಕೊಡುವಾಗ ವಿಳಾಸ ಗಟ್ಟಿಯಾಗಿ ಓದಿ ಹೇಳಿದಳು. ಹಾರ್ಲನ್ ಬೇಲಿಯ ಆಚೆಯಿಂದಲೇ, "ಸಂಘದೋರು ಬೇರೆ ಯಾರನ್ನಾದ್ರೂ ನೋಡೋಣ ಅಂತಿದಾರೆ ಆರ್ಡಿಸ್. ನಾನಂದಿದ್ದಲ್ಲ" ಎಂದ. ಅವನೇ ಅಂದದ್ದು. ಏಪ್ರಿಲ್ 7ಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ತಂಡದ ಊಟ. ಅಲ್ಲಿ ನಾನೇ ಪುಸ್ತಕ ಒಪ್ಪಿಸಿಬಿಡುತ್ತೇನೆ. ನನ್ನ ಐದು ಸರಿ ಎಂದು ಸಾಧಿಸಲು ಹೋದರೆ ವಿಲ್ಮಾ ಬರೆಯಲಿಲ್ಲ ಎಂದು ಹೇಳಬೇಕಾಗುತ್ತದೆ. ಗಂಡನ ಹಾಸಿಗೆಯ ಪಕ್ಕ ಕೂತವಳ ಹೆಸರನ್ನು ಊಟದ ಮೇಜಿಗೆ ಎಳೆಯಲಾರೆ.

ಡಾಗ್ ಸರಿಯಾಗಿ ಊಟ ಮಾಡುತ್ತಿಲ್ಲ. ಸೂಪಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಆದರೂ ವಾದ ಮಾಡದೆ ಕುಡಿದ. ಅವನಿಗೆ ನನ್ನ ಮೇಲೆ ಕೋಪ. ಅದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ, ಲೋವೆಲ್.

ಆರ್ಡಿಸ್


ಪಂಪ್ ಠಾಣೆ
ಮಾರ್ಚ್ 24, 1984

ಅಕ್ಕ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ನಿನಗೆ ನಾನು ಬರೆದದ್ದನ್ನು ನೆನೆಸಿಕೊಂಡರೆ ನನ್ನ ಮೇಲೇ ಅಸಹ್ಯವಾಗುತ್ತದೆ. ಕ್ಷಮಿಸು ಎಂದು ಕೇಳುತ್ತಿದ್ದೇನೆ. ಮುಂದಿನದನ್ನು ಓದಿದ ಮೇಲೆ ಕ್ಷಮಿಸಿದರೂ ಸಾಕು.

ಹೆಚ್ಚುಕಡಿಮೆ ಆದದ್ದು ಮೊದಲರ್ಧದಲ್ಲಿ ಎಂದು ನಿನ್ನ ಕಾಗದದಿಂದ ತಿಳಿಯಿತು. ಹಾಗಾದರೆ ಟೇಪಿನ ಮೊದಲ ಬದಿಯಲ್ಲಿ ಅದು ಇರಲೇಬೇಕು. ನಿನ್ನೆ ಕೆಲಸ ಮುಗಿಸಿ ಬಂದವನು ಒಬ್ಬನೇ ಕೂತು ಕೇಳಿದೆ. ಮೂರನೇ ಸಲ ಸಿಕ್ಕಿತು. ಹನ್ನೊಂದು ನಿಮಿಷ ಕಳೆದ ಮೇಲೆ ಬಡ್ ಬೆಣ್ಣೆಯ ಜಾಹೀರಾತು ಓದಲು ಶುರು ಮಾಡುತ್ತಾನೆ. ಆಟ ಮತ್ತೆ ಶುರುವಾದರೂ ಅವನ ಬೆಣ್ಣೆ ಮುಗಿಯುವುದಿಲ್ಲ. ಹಾರ್ಲನ್ ಅದೇ ಹೊತ್ತಿಗೆ ಕಡಲೆಕಾಯಿ ಸುಲಿಯುತ್ತಾನೆ. ಆ ಬೆಣ್ಣೆ, ಆ ಸಿಪ್ಪೆಗಳ ಹಿಂದೆ ಒಂದು ಸೀಟಿ ಇದೆ. ಅದರ ಹಿಂದೆ ಜಿಮ್ಮಿನ ಧ್ವನಿವರ್ಧಕ. ಯಂತ್ರಕ್ಕೆ ಕಿವಿ ಹಚ್ಚಿ ಕೇಳಿದೆ. ಆಮೇಲೆ ಅಡುಗೆಯವನನ್ನು ಕರೆದೆ. ನಾನು ಏನು ಕೇಳಿದೆ ಎಂದು ಹೇಳದೆ, "ನೀನ್ ಕೇಳಿ ಹೇಳು" ಎಂದೆ. ಅವನು ಎರಡು ಸಲ ಕೇಳಿದ. "ಇಪ್ಪತ್ನಾಲ್ಕು, ನಿಗಾರ್ಡ್, ಫೌಲ್ ಅಂತಿದಾನಪ್ಪ" ಎಂದ. "ಹಾಗಾದ್ರೆ ನಿಮ್ಮಕ್ಕ ಸರಿ" ಎಂದೂ ಹೇಳಿದ.

ಐದು, ಅಕ್ಕ. ನಿನ್ನ ಒಂದು ಗೆರೆಯೂ ಹೆಚ್ಚುಕಡಿಮೆ ಆಗಿಲ್ಲ. ಎಲ್ಲರನ್ನೂ ಮತ್ತೆ ಕೂರಿಸಿ ಕೇಳಿಸಿದ್ದೇನೆ. ನನ್ನ ಪುಸ್ತಕದಲ್ಲಿ ಐದನೇ ಗುರುತು ಹಾಕಿ, ಆ ಪುಟ ಹರಿದು ಇದರ ಜೊತೆ ಕಳಿಸಿದ್ದೇನೆ. ಹಿಂದೆ ಒಂಬತ್ತು ಜನರ ಸಹಿ ಇದೆ. ಮೊದಲ ಸಹಿ ಅಡುಗೆಯವನದು. ಸಂಘದವರಿಗೆ ತೋರಿಸುತ್ತೀಯೋ ಒಲೆಗೆ ಹಾಕುತ್ತೀಯೋ ನಿನಗೆ ಬಿಟ್ಟದ್ದು. ವಿಲ್ಮಾ ವಿಷಯದಲ್ಲಿ ನೀನು ಮಾಡಿದ್ದು ಸರಿ.

ಈಗ ಬರೆಯಲು ಕಷ್ಟವಾದ ಮಾತು. ಆ ಬೆಣ್ಣೆ ಮುಗಿದ ಮೇಲೆ ಬಡ್ ಒಂದು ಮಾತು ಹೇಳುತ್ತಾನೆ: "ಡಾಗ್ ಯಾಕೋ ಕೈ ಎತ್ಕೊಂಡ್ ನಿಂತಿದಾನೆ, ಚೆಂಡು ಮೇರಿಯನ್‌ಫೆಲ್ಡ್ ಕೈಲಿದೆ." ಫೌಲ್ ಮಾಡಿದವನು ಮೇಜಿಗೆ ಕಾಣುವ ಹಾಗೆ ಕೈ ಎತ್ತಬೇಕು ಎಂದು ಅವನಿಗೆ ಆರನೇ ವಯಸ್ಸಿನಲ್ಲಿ ಹಿತ್ತಿಲಲ್ಲಿ ಕಲಿಸಿದವನು ನಾನೇ. ಕೈ ಎತ್ತಿದ್ದಾನೆ. ಅಂದರೆ ಎರಡು ಎಂದು ಅವನಿಗೆ ಗೊತ್ತಿತ್ತು. ಕೋಚ್ ಚೀಟಿ ನೋಡಿ ಒಂದು ಎಂದಾಗ ಅವನು ಏನು ಹೇಳಿದ? ರೆಫರಿ ಕೆಮ್ಮಿದರೂ ವಾದಿಸುವ ಹುಡುಗ ಐದನೆಯದಕ್ಕೆ ಯಾಕೆ ತುಟಿ ಬಿಚ್ಚದೆ ಹೊರಟ?

ಅವನಿಗೆ ನಿನ್ನ ಮೇಲೆ ಕೋಪವಿಲ್ಲ, ಅಕ್ಕ. ನಿನ್ನ ಮುಖ ನೋಡಲು ಆಗುತ್ತಿಲ್ಲ, ಅಷ್ಟೆ. ನಾನು ಅವನಿಗೆ ಬರೆದು ಕೇಳುವುದಿಲ್ಲ. ನೀನೂ ಕೇಳಬೇಡ. ನಾವು ಕೇಳಿ ಹೇಳಿಸಿದರೆ ಅವನು ತಾನಾಗಿ ಹೇಳಿದ ಹಾಗಾಗುವುದಿಲ್ಲ. ಆಟ ಸೋತದ್ದು ನನಗೆ ಈಗ ಅಷ್ಟೇನೂ ಅನ್ನಿಸುತ್ತಿಲ್ಲ. ಇದರಲ್ಲಿ ಸೋಲಬಾರದು ಎಂದು ಕಾಯುತ್ತಿದ್ದೇನೆ.

ಲೋವೆಲ್


ವೆಸ್ಟರ್‌ಬಿ
ಭಾನುವಾರ, ಏಪ್ರಿಲ್ 8, 1984

ತಮ್ಮ ಲೋವೆಲ್‌ಗೆ,

ಲಕೋಟೆಯೊಳಗೆ ಒಂದು ಲಕೋಟೆ ಇದೆ. ಈ ಕಾಗದ ಓದಿ ಮುಗಿಸುವವರೆಗೆ ಅದನ್ನು ಮುಟ್ಟಬೇಡ. ಕೆಟಲ್ ಕೂಡ ಹಚ್ಚಬೇಡ.

ನಿನ್ನ ಪುಟ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಅಷ್ಟು ಸಾಕು, ಕ್ಷಮಿಸಿದ್ದೇನೆ. ನಿನ್ನನ್ನು ಬಿಟ್ಟು, ನಾನು ಕಂಡೇ ಇರದ ಎಂಟು ಜನ ಗಂಡಸರು ನನ್ನ ಪರವಾಗಿ ಸಹಿ ಹಾಕಿದ್ದು ಇದೇ ಮೊದಲು. ಡಾಗ್ ವಿಷಯ ನೀನು ಹೇಳಿದ ಹಾಗೆಯೇ ನಡೆದುಕೊಂಡೆ. ಒಂದು ವಾರ ಅವನ ಎದುರು ಕೂತು ಸೂಪು ಕುಡಿಯುತ್ತಾ ಏನೂ ಕೇಳದಿರುವುದು ಇಪ್ಪತ್ತೆರಡು ವರ್ಷ ಪುಸ್ತಕ ಬರೆದದ್ದಕ್ಕಿಂತ ಕಷ್ಟವಾಯಿತು.

ನಿನ್ನೆ ಮಧ್ಯಾಹ್ನ ಊಟ. ಇನ್ನೂರು ಜನ, ಉದ್ದ ಮೇಜುಗಳು, ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಷ್, ಹ್ಯಾಮ್, ಲೆಫ್ಸೆ ರೊಟ್ಟಿ. ಸ್ಕೋರ್ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನಿನ್ನ ಪುಟ ಕೈಚೀಲದಲ್ಲಿತ್ತು. ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ. ಕಾಫಿ ಬಂದ ಮೇಲೆ ಹಾರ್ಲನ್ ಎದ್ದ. "ಎಲ್ರಿಗೂ ಗೊತ್ತಿರೋ ವಿಷ್ಯಾನೇ. ಆರ್ಡಿಸ್ ನಮಗೆ ಬೇಕಾದೋಳೇ. ಆದ್ರೂ ವಯಸ್ಸು ಯಾರನ್ನ ಬಿಡುತ್ತೆ ಹೇಳಿ" ಎಂದು ಶುರು ಮಾಡಿದ. ನಾನು ಪುಸ್ತಕದ ಗಂಟು ಬಿಚ್ಚಿದೆ.

ಆಟಗಾರರ ಮೇಜಿನಿಂದ ಕುರ್ಚಿ ಸರಿದ ಸದ್ದು ಕೇಳಿತು. ಡಾಗ್ ಎದ್ದು ನಿಂತಿದ್ದ. ಕೈ ಎತ್ತಿದ್ದ, ಲೋವೆಲ್. ಫೌಲ್ ಮಾಡಿದವನು ಎತ್ತುವ ಹಾಗೆ, ನೇರ ಮೇಲಕ್ಕೆ.

"ಹಾರ್ಲನ್ ಮಾವ, ಸ್ವಲ್ಪ ಕೂತ್ಕೊಳಿ" ಎಂದ. "ನನಗೆ ಬಿದ್ದಿದ್ದು ಐದೇ. ಅರ್ಧ ಆಟದಲ್ಲಿ ಕೋಚ್ ಕೈಗೆ ಬಂದ ಚೀಟೀಲಿ ಒಂದು ಅಂತಿತ್ತು. ಎರಡು ಅಂತ ನಂಗೆ ಗೊತ್ತಿತ್ತು. ಸುಮ್ನಿದ್ದೆ. ಒಂದು ಉಳೀತಲ್ಲ ಅಂತ ಖುಷಿ ಆಯ್ತು. ಕೋಚ್‌ಗೆ ಹೇಳಿದ್ರೆ ನನ್ನ ಕೂರಿಸ್ತಿದ್ರು, ಕೊನೇಲಿ ಆಡಿಸ್ತಿದ್ರು, ನಾವೇ ಗೆಲ್ತಿದ್ವೇನೋ. ಸೋತಿದ್ದು ನನ್ನಿಂದ. ಆರು ವಾರದಿಂದ ನೀವೆಲ್ಲ ಅತ್ತೇನ ಅಂತಿದೀರ, ನಾನು ಅವರ ಮನೇಲೇ ಉಂಡು ಕೇಳ್ಕೊಂಡಿದೀನಿ." ನನ್ನ ಕಡೆ ತಿರುಗಿದ. "ಆ ಜಿಮ್ಮಲ್ಲಿ ಅವತ್ತು ಸರಿಯಾಗಿ ಎಣಿಸಿದೋರು ಇಬ್ರೇ. ಒಬ್ರು ಹೇಳಿದ್ರು. ಇನ್ನೊಬ್ಬ ನಾನು."

ಕೋಚ್ ತಲೆ ತಗ್ಗಿಸಿ, ಆಮೇಲೆ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ನಾನೂ ಎದ್ದೆ. "ಆ ಚೀಟಿ ಓದದೆ ಕಳಿಸಿದ್ದು ನಾನು. ಪೈ ತಿಂತಾ ಕೂತಿದ್ದೆ. ಅದು ನನ್ನ ತಪ್ಪು" ಎಂದೆ. ವಿಲ್ಮಾ ಹೆಸರು ಹೇಳಲಿಲ್ಲ. ನಿನ್ನ ಪುಟವನ್ನೂ ಹೊರಗೆ ತೆಗೆಯಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ.

ಮೊದಲು ಎದ್ದು ನಿಂತವರು ಪಾದ್ರಿಯವರ ತಾಯಿ, ಕೋಲೂರಿಕೊಂಡು. ಆಮೇಲೆ ಒಂದೊಂದೇ ಮೇಜು. ಕೊನೆಗೆ ಇಡೀ ನೆಲಮಾಳಿಗೆ ಎದ್ದಿತು, ಚಪ್ಪಾಳೆ ಇಲ್ಲ, ಮಾತಿಲ್ಲ, ಸುಮ್ಮನೆ ನಿಂತರು. ನನಗೋ ಡಾಗ್‌ಗೋ ನನಗೆ ತಿಳಿಯಲಿಲ್ಲ. ಡಾಗ್ ಅಷ್ಟು ದೂರ ನಡೆದು ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ಆಗ ಎಲ್ಲರೂ ಕೂತರು. ನಮ್ಮ ಜಿಮ್ಮಿಗೆ ಯಾವ ಕಪ್ ಬಂದಿದ್ದರೂ ಇಷ್ಟು ಹೆಮ್ಮೆ ಆಗುತ್ತಿರಲಿಲ್ಲ ಎಂದು ನಿನಗೆ ನೇರವಾಗಿಯೇ ಹೇಳುತ್ತೇನೆ.

ಹೊರಡುವಾಗ ಹಾರ್ಲನ್ ಬಳಿ ಬಂದ. ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಲು ಬಾರದೆ ಒದ್ದಾಡಿ, ಹಾಗೆಯೇ ನನ್ನ ಕೈಗೆ ಕೊಟ್ಟ. "ನವೆಂಬರ್‌ಗೆ ಮತ್ತೆ ಆಟ ಶುರು, ಪೆನ್ಸಿಲ್ ಕೆತ್ತಿಟ್ಕೋ" ಎಂದ. ಅವನ ಕಡಲೆಕಾಯಿಯ ಕಥೆ ಹೇಳಿದೆ. ಮುಖ ಕೆಂಪಾಯಿತು. ಮುಂದಿನ ವರ್ಷ ಟೇಪಿನಲ್ಲಿ ನಿನಗೆ ಬಡ್‌ನ ಬೆಣ್ಣೆ ಮಾತ್ರ ಕೇಳಿಸುತ್ತದೆ.

ಮನೆಗೆ ಬಂದ ಮೇಲೆ ನಿನ್ನ ಪುಟವನ್ನು ಡಾಗ್ ಮುಂದೆ ಇಟ್ಟೆ. ತಿರುಗಿಸಿ ಹಿಂದಿನ ಸಹಿಗಳನ್ನೂ ಓದಿದ. "ಇದು ಯಾವಾಗ ಬಂತು?" ಎಂದು ಕೇಳಿದ. ಹೋದ ಶನಿವಾರ ಎಂದೆ. "ಅಪ್ಪಂಗೆ ಮೊದ್ಲೇ ಗೊತ್ತಿತ್ತಾ?" ಎಂದ. ಗೊತ್ತಿತ್ತು ಎಂದೆ. ಒಂದು ಕಾಗದ, ಒಂದು ಸಣ್ಣ ಲಕೋಟೆ ಕೇಳಿ ತೆಗೆದುಕೊಂಡ. ಬರೆದು, ಅಂಟಿಸಿ, ನನಗೂ ತೋರಿಸದೆ ಕೊಟ್ಟ. ಸೂಪು ಬಿಸಿ ಮಾಡಿ ಬಡಿಸಿದೆ. ಉಪ್ಪು ಜಾಸ್ತಿ ಎಂದ.

ಈಗ ಒಡೆಯಬಹುದು.

ನಿನ್ನ ಅಕ್ಕ,
ಆರ್ಡಿಸ್

ಒಳಗಿನ ಲಕೋಟೆಯ ಚೀಟಿ:
ಅಪ್ಪ, ಫೌಲ್ ಐದು. ನಿನಗೆ ಗೊತ್ತಿದ್ದೂ ನಾನು ಹೇಳುವವರೆಗೆ ಕಾದೆಯಲ್ಲ, ಅದು ನನಗೆ ಸಾಕು. ಪದವಿ ಸಮಾರಂಭ ಮೇ 27, ಭಾನುವಾರ, ನಮ್ಮ ಜಿಮ್ಮಿನಲ್ಲೇ. ಹೆಸರುಗಳನ್ನು ಅಕಾರಾದಿಯಾಗಿ ಕೂಗುತ್ತಾರೆ, ನಮ್ಮದು ಬರಲು ತಡವಾಗುತ್ತದೆ. ನನ್ನ ಹೆಸರು ಕೂಗುವವರೆಗೆ ನೀನು ಕೂರಬೇಡ.
ಡಾಗ್